ಜತ್ತದ ಬಯಲಿನಲ್ಲಿ ಹಿಂಬಾಲಿಸುವವರು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟು, ತಿಕೋಟೆಯನ್ನು ಹಿಂದೆ ಹಾಕಿ ಜತ್ತದ ದಾರಿ ಹಿಡಿದವರಿಗೆ ಕರ್ನಾಟಕ ಎಲ್ಲಿ ಮುಗಿಯಿತು, ಮಹಾರಾಷ್ಟ್ರ ಎಲ್ಲಿ ಮೊದಲಾಯಿತು ಎಂಬುದು ನೆಲವನ್ನು ನೋಡಿ ತಿಳಿಯುವುದಿಲ್ಲ. ಅದೇ ಜೋಳದ ಹೊಲ, ಅದೇ ಕಲ್ಲುಮರಡಿ, ಅದೇ ಜಾಲಿಯ ಸಾಲು. ಅಂಗಡಿಗಳ ಫಲಕಗಳು ನಾಗರಿ ಲಿಪಿಗೆ ತಿರುಗಿದುದನ್ನು ಕಂಡ ಮೇಲೆಯೇ ಗಡಿ ದಾಟಿದೆವೆಂಬ ಅರಿವು. ಆದರೆ ಆ ಫಲಕದ ಕೆಳಗೆ ಕುಳಿತ ವ್ಯಾಪಾರಿಯು "ಏನ ಬೇಕರಿ?" ಎಂದೇ ಕೇಳುತ್ತಾನೆ. ತಾಲ್ಲೂಕಿನ ಪೂರ್ವಭಾಗದಲ್ಲಿ, ಸಂಖ, ಉಮದಿ, ತಿಕೋಂಡಿ, ಬಾಲಗಾಂವಗಳ ಸುತ್ತ, ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಸಂತೆಯ ಮಾತು ಎರಡೂ.

ಜತ್ತವು ಡಫಳೆ ಮನೆತನದವರ ಸಂಸ್ಥಾನವಾಗಿತ್ತು. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿ, ಆ ಜಿಲ್ಲೆಯೇ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. 1967ರ ಮಹಾಜನ ವರದಿ ಜತ್ತ ತಾಲ್ಲೂಕಿನ ಹಲವು ಹಳ್ಳಿಗಳನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು. ವರದಿ ವರದಿಯಾಗಿಯೇ ಉಳಿಯಿತು. ಈ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಗಡಿಯಾಚೆಯ ಕನ್ನಡ ಕುಟುಂಬಗಳಲ್ಲಿ ಇದನ್ನು ಕೇಳದೆ ಬೆಳೆದ ಮಕ್ಕಳಿಲ್ಲ. ಹೊಸದಾಗಿ ಹೇಳಬೇಕೆನಿಸಿದ್ದು ಬೇರೆ. ಈ ಬಯಲಿನ ಹಳ್ಳಿಗಳಲ್ಲಿ ಅಲ್ಲಲ್ಲಿ ಹತ್ತು ಮನೆ, ಹದಿನೈದು ಮನೆಯಷ್ಟು ಕ್ರೈಸ್ತ ಬಂಧುಗಳಿದ್ದಾರೆ. ಅವರು ತಮ್ಮನ್ನು ಯೇಸುವಿನ ಶಿಷ್ಯರೆಂದು ಕರೆದುಕೊಳ್ಳುತ್ತಾರೆ. ಆ ಮಾತಿಗೆ ಈ ಬರದ ನಾಡಿನಲ್ಲಿ, ಎರಡು ಭಾಷೆಗಳ ನಡುವೆ, ಇಂದು ಏನರ್ಥ ಎಂಬುದನ್ನು ತಿಳಿಯುವ ಆಸೆಯಿಂದ ನಾವು ಕೆಲವು ದಿನ ಅವರ ನಡುವೆ ತಿರುಗಾಡಿದೆವು.

ಮೊದಲು ಗುಡ್ಡಾಪುರಕ್ಕೆ ಹೋದೆವು. ಕ್ರೈಸ್ತ ಶಿಷ್ಯತ್ವವನ್ನು ಕಾಣಲು ಹೊರಟವರು ದಾನಮ್ಮದೇವಿಯ ಗುಡಿಗೆ ಹೋಗುವುದೇಕೆ ಎಂದು ಯಾರಾದರೂ ಕೇಳಬಹುದು. ಈ ನೆಲದಲ್ಲಿ ಶಿಷ್ಯ ಎಂಬ ಪದ ಮಿಶನರಿಗಳು ಬರುವುದಕ್ಕೆ ಏಳುನೂರು ವರ್ಷಗಳ ಹಿಂದೆಯೇ ಬೇರುಬಿಟ್ಟಿತ್ತೆಂಬುದೇ ಅದಕ್ಕೆ ಉತ್ತರ. ಇದೇ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮನು ಕಲ್ಯಾಣಕ್ಕೆ ಹೋಗಿ, ಬಸವಣ್ಣನವರಿಂದ ದಾನಮ್ಮ ಎಂಬ ಹೆಸರು ಪಡೆದಳೆಂದು ಜನ ನಂಬುತ್ತಾರೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಭಕ್ತರು ದಿನಗಟ್ಟಲೆ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಅವರಿಗೆ ರೊಟ್ಟಿ, ನೀರು, ಕಾಲಿಗೆ ಎಣ್ಣೆ ಕೊಡುತ್ತಾರೆ. ಗುರುವನ್ನು ನಂಬಿದವನು ಗುರುವಿನ ಗುಣವನ್ನು ಕೈಯಲ್ಲಿ ತೋರಿಸಬೇಕು ಎಂಬ ತಿಳುವಳಿಕೆ ಇಲ್ಲಿಯ ಸಾಮಾನ್ಯ ಜನರಲ್ಲಿ ಇಳಿದುಬಂದಿದೆ. ಆದ್ದರಿಂದಲೇ ಇಲ್ಲಿ ಒಬ್ಬನು ತಾನು ಯೇಸುವಿನ ಶಿಷ್ಯನೆಂದು ಹೇಳಿದರೆ, ನೆರೆಯವರು ಅವನ ಸಿದ್ಧಾಂತವನ್ನು ಕೇಳುವುದಿಲ್ಲ. ಅವನ ಮನೆಯ ಬಾಗಿಲನ್ನು ನೋಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಕಠಿಣವಾದರೂ ನ್ಯಾಯವಾದ ಪರೀಕ್ಷೆ.

ಹೊಸ ಒಡಂಬಡಿಕೆಯಲ್ಲಿ 'ಕ್ರೈಸ್ತ' ಎಂಬ ಹೆಸರಿಗಿಂತ 'ಶಿಷ್ಯ' ಎಂಬ ಹೆಸರು ಹಳೆಯದು. ಅಂತಿಯೋಕ್ಯ ಪಟ್ಟಣದಲ್ಲಿ ಶಿಷ್ಯರಿಗೆ ಮೊದಲ ಬಾರಿ ಕ್ರೈಸ್ತರೆಂಬ ಹೆಸರು ಬಂದಿತೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಅದಕ್ಕೆ ಮುಂಚೆ ಅವರು ಕೇವಲ ಹಿಂದೆ ಹೋದವರು, ಬಲೆ ಬಿಟ್ಟು, ಸುಂಕದ ಕಟ್ಟೆ ಬಿಟ್ಟು ಎದ್ದು ನಡೆದವರು. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹಾಫರ್ 1937ರಲ್ಲಿ ಶಿಷ್ಯತ್ವವನ್ನು ಕುರಿತು ಒಂದು ಪುಸ್ತಕ ಬರೆದರು. ಅವರ ಭಾಷೆಯಲ್ಲಿ ಆ ಪುಸ್ತಕದ ಹೆಸರಿನ ಅರ್ಥ 'ಹಿಂಬಾಲಿಸುವುದು' ಎಂದಷ್ಟೇ. ಹಿಟ್ಲರನ ಆಡಳಿತವನ್ನು ಎದುರಿಸಿ ನಿಂತ ಆ ಪಾಲಕರನ್ನು 1945ರ ಏಪ್ರಿಲಿನಲ್ಲಿ ಗಲ್ಲಿಗೇರಿಸಲಾಯಿತು. ಅಷ್ಟು ದೂರದ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ: ನಮ್ಮ ಕನ್ನಡ ಸತ್ಯವೇದವೂ 'ಹಿಂಬಾಲಿಸು' ಎಂಬ ಅದೇ ಕಾಲ್ನಡಿಗೆಯ ಮಾತನ್ನು ಬಳಸುತ್ತದೆ. ಹಿಂಬಾಲಿಸುವುದೆಂದರೆ ಒಬ್ಬರು ಮುಂದೆ ನಡೆಯುತ್ತಿರಬೇಕು, ನಾವು ಕುಳಿತಲ್ಲಿಂದ ಏಳಬೇಕು.

ಪೂರ್ವದ ಹಳ್ಳಿಯೊಂದರಲ್ಲಿ ಭಾನುವಾರದ ಆರಾಧನೆಗೆ ಕುಳಿತೆವು. ಊರ ಹೆಸರು ಬೇಡ. ಕಾರಣ ಮುಂದೆ ತಿಳಿಯುತ್ತದೆ. ತಗಡಿನ ಮಾಡಿನ ಒಂದೇ ಕೋಣೆಯ ಪ್ರಾರ್ಥನಾಲಯ, ಗೋಡೆಗೆ ಸುಣ್ಣ, ಮೂಲೆಯಲ್ಲಿ ಚಾಪೆಗಳ ಸುರುಳಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಉಪದೇಶಿಯು ಕನ್ನಡ ಸತ್ಯವೇದದಿಂದ ಓದಿದರು. ಗಾಯನವು ಮರಾಠಿಯದು, ತಾಳ ಮಾತ್ರ ನಮ್ಮ ಭಜನೆಯದೇ. ಪ್ರಾರ್ಥನೆ ಮಾಡುವಾಗ ಹಿರಿಯರು ಕನ್ನಡದಲ್ಲಿ ಮೊದಲುಮಾಡಿ, ಅಧಿಕೃತವಾದ ಮಾತು ಬಂದಾಗ ಮರಾಠಿಗೆ ಹೊರಳಿ, ಅಳು ಬಂದಾಗ ಮತ್ತೆ ಕನ್ನಡಕ್ಕೆ ಮರಳುತ್ತಿದ್ದರು. ಶಿಷ್ಯ ಎಂಬ ಪದ ಮಾತ್ರ ಎರಡು ಭಾಷೆಗಳಲ್ಲೂ ಒಂದೇ ಆದುದರಿಂದ ಅಲ್ಲಿ ಹೊರಳುವ ಅಗತ್ಯ ಬೀಳಲಿಲ್ಲ!

ಈ ಎರಡು ನಾಲಿಗೆಗೆ ಇತಿಹಾಸವಿದೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿ, ಗದಗ-ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆ ಮಾಡಿ, 1885ರ ವೇಳೆಗೆ ವಿಜಾಪುರವನ್ನು ಮುಟ್ಟಿದರು. ಅವರ ಕೆಲಸವೆಲ್ಲ ಕನ್ನಡದಲ್ಲಿ. ಇತ್ತ ಕೊಲ್ಹಾಪುರಕ್ಕೆ 1852ರಲ್ಲಿ ರಾಯಲ್ ವೈಲ್ಡರ್ ಎಂಬ ಅಮೆರಿಕನ್ ಮಿಶನರಿ ಬಂದರು. ಅವರ ಕೆಲಸವನ್ನು 1870ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಂಡಳಿ ವಹಿಸಿಕೊಂಡು ಸಾಂಗಲಿ, ಮೀರಜ, ರತ್ನಾಗಿರಿ, ಕೊಡೋಲಿಗಳಿಗೆ ಬೆಳೆಸಿತು. ಅವರದೆಲ್ಲ ಮರಾಠಿ. ಎರಡು ಮಿಶನ್ನುಗಳ ದೊಡ್ಡ ಠಾಣ್ಯಗಳ ಸಾಲಿನಲ್ಲಿ ಜತ್ತದ ಹೆಸರಿಲ್ಲ. ಎರಡು ಹೊಲಗಳ ನಡುವಿನ ಬದುವಿನಂತೆ ಅದು ಉಳಿಯಿತು. ಸಭೆಗಳ ಐಕ್ಯದ ಕಾಲದಲ್ಲಿಯೂ ಹೀಗೆಯೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಬಾಸೆಲ್ ಮಿಶನ್ನಿನ ಉತ್ತರ ಕರ್ನಾಟಕದ ಸಭೆಗಳು ಮುಂದೆ ಅದರಲ್ಲಿ ಕೂಡಿಕೊಂಡು ಧಾರವಾಡವನ್ನು ಕೇಂದ್ರ ಮಾಡಿಕೊಂಡವು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟಿತು; ಕೊಲ್ಹಾಪುರದ ಕಡೆಯ ಸಭೆಗಳು ಅದರಲ್ಲಿ ಸೇರಿದವು. ಪಂಗಡ ಪಂಗಡಗಳ ಗೋಡೆ ಕೆಡವಿ ಒಂದಾದ ಈ ಎರಡು ಮಹಾಸಭೆಗಳ ಎಲ್ಲೆಯು ಇಲ್ಲಿ ಹೆಚ್ಚುಕಡಿಮೆ ರಾಜ್ಯಗಳ ಎಲ್ಲೆಯ ಮೇಲೆಯೇ ಬಂದು ಕುಳಿತಿದೆ. ಹೀಗಾಗಿ ಕನ್ನಡ ಮನೆಮಾತಿನ ಶಿಷ್ಯನ ತವರುಭಾಷೆಯ ಗ್ರಂಥ ಆಚೆಯ ಸಭೆಯದು, ಅವನ ಲಗ್ನ ಬರೆದುಕೊಳ್ಳುವ ಪಾಲಕರು ಈಚೆಯವರು.

ಇದರಿಂದ ಕೊರಗಬೇಕಾದುದಿಲ್ಲವೆಂದು ಉಪದೇಶಿಯವರು ಹೇಳಿದರು. "ಪಂಡಿತಾ ರಮಾಬಾಯಿಯವರು ನಮ್ಮ ಕಡೆಯವರೇ ಅಲ್ಲವೆ?" ಎಂದು ಅವರ ಪ್ರಶ್ನೆ. ಅದು ನಿಜ. 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ, ಕನ್ನಡ ನೆಲದಲ್ಲಿ, ಹುಟ್ಟಿದ ಆ ತಾಯಿ ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡು, ದೇಶ ಸುತ್ತಿ, ಕೇಡಗಾಂವದ ಮುಕ್ತಿ ಸದನದಲ್ಲಿ ಬರಗಾಲದ ಹೆಣ್ಣುಮಕ್ಕಳನ್ನೇ ಸಾಕಿ, ಬದುಕಿನ ಕೊನೆಯ ವರ್ಷಗಳನ್ನು ಮರಾಠಿ ಬೈಬಲಿನ ಅನುವಾದಕ್ಕೆ ಕೊಟ್ಟರು. 1922ರಲ್ಲಿ ಅವರು ತೀರಿಕೊಂಡ ಮೇಲೆ, 1924ರಲ್ಲಿ ಅದು ಬೆಳಕು ಕಂಡಿತು. ಆ ಅನುವಾದವನ್ನು ಹೊಲಗೆಲಸದ ಹೆಂಗಸರಿಗೂ ತಿಳಿಯುವ ಮಾತಿನಲ್ಲಿ ಮಾಡಬೇಕೆಂಬುದು ಅವರ ಹಟ. ಸ್ವತಃ ಸಂಸ್ಕೃತದ ಮಹಾಪಂಡಿತೆಯಾಗಿದ್ದವರು ಪಾಂಡಿತ್ಯವನ್ನು ಹೊರಗಿಟ್ಟು ಸರಳವಾಗುವುದು ಎಂಥ ಶಿಷ್ಯವೃತ್ತಿ!

ಈಗ ಆ ಹಳ್ಳಿಯ ಹೆಸರನ್ನು ಹೇಳದಿರುವ ಕಾರಣಕ್ಕೆ ಬರುತ್ತೇವೆ. ಜತ್ತವು ಮಳೆನೆರಳಿನ ಸೀಮೆ. ಕೃಷ್ಣೆಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯು ಪಶ್ಚಿಮದ ಊರುಗಳನ್ನು ಮುಟ್ಟಿದರೂ ಪೂರ್ವದ ಹಳ್ಳಿಗಳು ವರ್ಷಾನುವರ್ಷ ಕಾದವು. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕೋಂಡಿಯ ಕೆರೆಗೆ ಹರಿದು ಬಂದಾಗ ಅದು ಎರಡು ರಾಜ್ಯಗಳ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದಕ್ಕೂ ಮೊದಲು, 2018-19ರ ಬರಗಾಲದಲ್ಲಿ, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವುದೇ ಇಲ್ಲಿಯ ಹೆಂಗಸರ ದಿನಚರಿ. ಆ ವರ್ಷ ಊರ ಬಾವಿಗಳೆಲ್ಲ ಬತ್ತಿದರೂ, ಪ್ರಾರ್ಥನಾಲಯದ ಅಂಗಳದ ಕೊಳವೆಬಾವಿಯಲ್ಲಿ ಮಾತ್ರ ದಿನಕ್ಕೆ ಎರಡು ಗಂಟೆ ನೀರು ಬರುತ್ತಿತ್ತು. ಊರಿನವರು ಕೇಳಿಬಂದರು.

ಕೊಡಬೇಕೇ, ಬೇಡವೇ? ಹೊರಗಿನವರಿಗೆ ಇದೊಂದು ಪ್ರಶ್ನೆಯೇ ಅಲ್ಲ ಎನಿಸಬಹುದು. ಆದರೆ ಸಭೆಯಲ್ಲಿ ಎರಡು ಸಂಜೆ ಚರ್ಚೆ ನಡೆಯಿತಂತೆ. ಕಾರಣ 1972ರ ಬರಗಾಲ. ಮಹಾರಾಷ್ಟ್ರವನ್ನೆಲ್ಲ ಸುಟ್ಟ ಆ ವರ್ಷ ಜನ ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ಬದುಕಿದರು. ಕೇರಿಯ ಹೆಂಗಸರು ಊರ ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟು ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರುವಿದರೆ ನೀರು, ಇಲ್ಲವಾದರೆ ಇಲ್ಲ. ಹಾಗೆ ನಿಂತವರಲ್ಲಿ ಇಬ್ಬರು ಇಂದೂ ಬದುಕಿದ್ದಾರೆ. ಆಗ ಸುರುವಲು ಮನಸ್ಸು ಮಾಡದವರ ಮೊಮ್ಮಕ್ಕಳೇ ಈಗ ಪ್ಲಾಸ್ಟಿಕ್ ಕೊಡ ಹಿಡಿದು ಅಂಗಳದ ಬೇಲಿಯ ಆಚೆ ನಿಂತಿದ್ದರು. "ಮೊದಲು ನಮ್ಮ ಮನೆಗಳಿಗೆ ತುಂಬಲಿ, ಉಳಿದರೆ ನೋಡೋಣ" ಎಂದು ಕಿರಿಯರು ಕೆಲವರು ವಾದಿಸಿದರು. ಅವರದು ದ್ವೇಷವೆಂದು ಹೇಳಲಾಗದು. ಎರಡು ಗಂಟೆಯ ನೀರಿಗೆ ಹದಿನಾಲ್ಕು ಮನೆಗಳೇ ಹೆಚ್ಚು.

1972ರಲ್ಲಿ ದೂರ ನಿಂತಿದ್ದ ಇಬ್ಬರಲ್ಲಿ ಒಬ್ಬ ಅಜ್ಜಿಯನ್ನು ನಾವು ಕಂಡೆವು. ಅವರು ಸಭೆಯಲ್ಲಿ ಆಡಿದ್ದು ಬಹಳ ಸ್ವಲ್ಪ. "ಸರತಿ ಹಚ್ಚರಿ. ಕೊಡಾ ಅವರೇ ನಳದ ಕೆಳಗ ಇಡಲಿ. ಯಾರೂ ಮ್ಯಾಲಿಂದ ಸುರುವಬ್ಯಾಡರಿ" ಎಂದರಂತೆ. ನಮಗೆ ಈ ಮಾತಿನ ಕೊನೆಯ ಭಾಗ ಮನಸ್ಸಿನಲ್ಲಿ ನಿಂತಿತು. ನೀರು ಕೊಡಿ ಎಂದು ಹೇಳುವವರು ಎಲ್ಲ ಧರ್ಮಗಳಲ್ಲೂ ಸಿಗುತ್ತಾರೆ. ತಾನು ಪಡೆದ ಅವಮಾನವನ್ನು ದಾನದ ರೂಪದಲ್ಲಿಯೂ ಹಿಂದಿರುಗಿಸಬಾರದು ಎಂದು ಕಂಡುಕೊಂಡವರು ವಿರಳ. ಸರತಿ ಹಚ್ಚಲಾಯಿತು. ಮೂರು ಮನೆಯವರು ಸಿಟ್ಟಿನಿಂದ ಕೆಲವು ತಿಂಗಳು ಆರಾಧನೆಗೆ ಬರಲಿಲ್ಲ. ಎರಡು ಮನೆಯವರು ತಿರುಗಿ ಬಂದರು, ಒಂದು ಮನೆಯವರು ಇಂದಿಗೂ ಬಂದಿಲ್ಲ. ಊರಿನವರಲ್ಲಿ ಯಾರೂ ಇದಕ್ಕಾಗಿ ಕ್ರೈಸ್ತರಾಗಲಿಲ್ಲ, ಆಗಬೇಕೆಂದು ಯಾರೂ ಕೇಳಲೂ ಇಲ್ಲ. ಆದರೆ ಮರುವರ್ಷ ಮಳೆಯಾಗಿ ಊರ ಬಾವಿ ತುಂಬಿದಾಗ ಕೇರಿಯ ಹೆಂಗಸರು ನೇರವಾಗಿ ಕಟ್ಟೆ ಹತ್ತಿ ಹಗ್ಗ ಬಿಟ್ಟರು. ಒಬ್ಬರೂ ಏನೂ ಅನ್ನಲಿಲ್ಲ. ಕಾನೂನು ಎಂದೋ ಕೊಟ್ಟಿದ್ದ ಹಕ್ಕು ಊರಿನಲ್ಲಿ ಇಳಿಯಲು ಇಷ್ಟು ಸುತ್ತಬೇಕಾಯಿತು.

ಹೆಸರಿನ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ ಧರ್ಮದವರಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತರನ್ನೂ ಮುಸಲ್ಮಾನರನ್ನೂ ಸೇರಿಸಲಿಲ್ಲ. ಈ ವಿಷಯ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಸರಕಾರ ನೇಮಿಸಿತು. ಹಳ್ಳಿಯಲ್ಲಿ ಇದರ ಅರ್ಥ ಬಹಳ ಸರಳ: ದೀಕ್ಷಾಸ್ನಾನದ ದಾಖಲೆ ಬರೆಸಿದರೆ ಮಗನ ಶಿಷ್ಯವೇತನ ಹೋಯಿತು. ಹೀಗಾಗಿ ಭಾನುವಾರ ಒಂದು ಹೆಸರು, ಶಾಲೆಯ ಪಟ್ಟಿಯಲ್ಲಿ ಇನ್ನೊಂದು. ಶಿಷ್ಯತ್ವದ ಮೇಲೆ ಉಪನ್ಯಾಸ ಮಾಡುವ ಪಟ್ಟಣದ ಬೋಧಕರು ಇದನ್ನು ಕಪಟವೆಂದು ಗದರುವುದುಂಟು. ನಾವು ಹಾಗೆ ಗದರಲಾರೆವು. ತಾನು ಯಾರೆಂದು ಹೇಳಿಕೊಳ್ಳುವುದಕ್ಕೆ ಸಂಬಳದ ನೌಕರಿಯಲ್ಲಿರುವವನು ಕೊಡುವ ಬೆಲೆಯೂ, ಎರಡು ಎಕರೆ ಒಣಭೂಮಿಯವನು ಕೊಡುವ ಬೆಲೆಯೂ ಒಂದೇ ಅಲ್ಲ. ಆದರೂ ಇಬ್ಬಗೆಯ ಹೆಸರು ಆ ತಾಯಂದಿರ ಮನಸ್ಸನ್ನು ಕೊರೆಯುತ್ತದೆ ಎಂಬುದು ಮಾತಿನ ನಡುವೆ ಬಂದ ಮೌನಗಳಿಂದ ತಿಳಿಯುತ್ತಿತ್ತು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ, ಸಾಯುವ ಎರಡು ವರ್ಷ ಮುಂಚೆ, ದೀಕ್ಷಾಸ್ನಾನ ಪಡೆದವರೂ ಪಡೆಯದವರೂ ಕ್ರಿಸ್ತನ ಶಿಷ್ಯರಾಗಿ ಒಟ್ಟಿಗೆ ಕೂಡುವ 'ದೇವಾಚಾ ದರಬಾರ' ಎಂಬ ಬಳಗವನ್ನು ಕಟ್ಟಿದರು. ರಿಜಿಸ್ಟರಿನ ಆಚೆಗೂ ಶಿಷ್ಯರುಂಟು ಎಂಬ ಆ ವಿಚಾರವನ್ನು ಸಭೆಗಳು ಇನ್ನಷ್ಟು ಗಂಭೀರವಾಗಿ ಚಿಂತಿಸಬಹುದಿತ್ತು.

ಆ ಅಜ್ಜಿಯ ಮನೆತನಕ್ಕೆ ಯೇಸುವಿನ ಹೆಸರು ಬಂದದ್ದು ಹೇಗೆಂದು ಕೇಳಿದೆವು. "ಮೀರಜದಿಂದ" ಎಂದು ಒಂದೇ ಮಾತಿನ ಉತ್ತರ. ಅವರ ಅತ್ತೆಯನ್ನು ಕಷ್ಟದ ಹೆರಿಗೆಯಲ್ಲಿ ಎತ್ತಿನ ಬಂಡಿಯ ಮೇಲೆ ಜತ್ತ ರೋಡ ಠಾಣ್ಯಕ್ಕೆ ಒಯ್ದು, ಅಲ್ಲಿಂದ ಬಾರ್ಶಿ ಲೈಟ್ ರೇಲ್ವೆಯ ಸಣ್ಣ ಗಾಡಿಯಲ್ಲಿ ಮೀರಜಕ್ಕೆ ಮುಟ್ಟಿಸಿದರಂತೆ. ಕೂಸು ಉಳಿಯಲಿಲ್ಲ, ತಾಯಿ ಉಳಿದಳು. ಊರಿಗೆ ಬಂದು ಆಕೆ ಹೇಳಿದ್ದು ಡಾಕ್ಟರರ ಮಾತನ್ನಲ್ಲ, ಉಪದೇಶವನ್ನೂ ಅಲ್ಲ: "ಅಲ್ಲೊಬ್ಬಾಕಿ ನರ್ಸಬಾಯಿ ನನ್ನ ಮೈ ಮುಟ್ಟಿ ತೊಳದಳು."

ಈ ಮಾತು ಕೇಳಿದ ಮೇಲೆ ಮೀರಜಕ್ಕೆ ಹೋಗದಿರುವುದು ಸಾಧ್ಯವಾಗಲಿಲ್ಲ. ಜತ್ತದಿಂದ ಡಫಳಾಪುರ, ಕವಠೆ ಮಹಾಂಕಾಳಗಳ ಮೇಲೆ ಬಸ್ಸು ಹೋಗುತ್ತದೆ. ಹೋಗುತ್ತ ಹೋಗುತ್ತ ನೆಲ ಹಸಿರಾಗುತ್ತದೆ, ದ್ರಾಕ್ಷಿಯ ಚಪ್ಪರಗಳು ಕಾಣುತ್ತವೆ, ಆಮೇಲೆ ಕಬ್ಬು. ಬಸ್ಸಿನ ತುಂಬ ಕಾಗದದ ಚೀಲದಲ್ಲಿ ಎಕ್ಸ್‌ರೇ ಹಿಡಿದ ಜನ. ಮೀರಜವು ಇಂದು ಆಸ್ಪತ್ರೆಗಳ ಊರು. ವಿಜಯಪುರ, ಬೆಳಗಾವಿ ಜಿಲ್ಲೆಗಳ ಕನ್ನಡ ರೋಗಿಗಳಿಗೂ ಅದು ದೊಡ್ಡ ಆಸರೆ. ತಂತುವಾದ್ಯಗಳಿಗೂ ಅಬ್ದುಲ್ ಕರೀಮ್ ಖಾನರಿಗೂ ಹೆಸರಾದ ಈ ಪಟ್ಟಣಕ್ಕೆ ವೈದ್ಯದ ಹೆಸರು ಬಂದದ್ದು ಒಬ್ಬ ಕೆನಡಾದವರಿಂದ. ವಿಲಿಯಂ ವಾನ್ಲೆಸ್ ಎಂಬ ತರುಣ ವೈದ್ಯರು 1889ರಲ್ಲಿ ಭಾರತಕ್ಕೆ ಬಂದು, ಸಾಂಗಲಿಯಲ್ಲಿ ಸಣ್ಣ ಔಷಧಾಲಯ ನಡೆಸಿ, 1894ರಲ್ಲಿ ಮೀರಜದ ಆಸ್ಪತ್ರೆಯನ್ನು ತೆರೆದರು. ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾಗಿ ಹೊರಬಂದಿತು. ಒಂದು ಮಿಶನ್ ನಮ್ಮ ಮಾತುಗಳನ್ನು ಕೂಡಿಸುತ್ತಿದ್ದಾಗ ಇನ್ನೊಂದು ನಮ್ಮ ಕಣ್ಣಿನ ಪೊರೆ ತೆಗೆಯುತ್ತಿತ್ತು ಎಂದು ನಾವು ತಮಾಷೆಗೆ ಅಂದುಕೊಂಡೆವು.

ವಾನ್ಲೆಸರು ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಕೈ. ಆದರೆ ಅವರ ನಿಜವಾದ ಬುದ್ಧಿವಂತಿಕೆ ಇನ್ನೊಂದರಲ್ಲಿದೆ ಎಂದು ನಮಗೆ ತೋರುತ್ತದೆ. ಒಬ್ಬನೇ ಎಷ್ಟು ಜನರನ್ನು ಮುಟ್ಟಬಲ್ಲ ಎಂಬ ಲೆಕ್ಕ ಹಾಕಿ, 1897ರಲ್ಲಿಯೇ ಅವರು ಇಲ್ಲಿಯ ತರುಣರಿಗೆ ವೈದ್ಯ ಕಲಿಸುವ ಶಾಲೆ ತೆರೆದರು. ಗುರುವಿನ ಜೊತೆ ಇದ್ದು, ಗುರು ಮಾಡುವುದನ್ನು ನೋಡಿ, ಆಮೇಲೆ ಇಬ್ಬಿಬ್ಬರಾಗಿ ಊರೂರಿಗೆ ಹೋಗುವುದು ಸುವಾರ್ತೆಗಳಲ್ಲಿ ಕಾಣುವ ಶಿಷ್ಯರ ಕ್ರಮವಷ್ಟೆ. ಅಲ್ಲಿ ಕಲಿತವರು ದೂರದೂರದ ಮಿಶನ್ ದವಾಖಾನೆಗಳಿಗೆ ಹೋಗಿ ದುಡಿದರು. ಯಾರೂ ಹತ್ತಿರ ಬಿಟ್ಟುಕೊಳ್ಳದ ಕುಷ್ಠರೋಗಿಗಳಿಗಾಗಿ ಮೀರಜದಲ್ಲಿ ಬೇರೆ ಆಸ್ಪತ್ರೆ ಎದ್ದಿತು. ಕ್ಷಯದವರಿಗಾಗಿ ಕಟ್ಟಿದ ಆರೋಗ್ಯಧಾಮದ ಪ್ರದೇಶಕ್ಕೆ ವಾನ್ಲೆಸವಾಡಿ ಎಂಬ ಹೆಸರೇ ನಿಂತಿದೆ. 1928ರಲ್ಲಿ ಬ್ರಿಟಿಶ್ ಸರಕಾರ ಅವರಿಗೆ 'ಸರ್' ಪದವಿ ಕೊಟ್ಟಿತು. ಅದೇ ವರ್ಷ ಅವರು ನಿವೃತ್ತರಾದರು, 1933ರಲ್ಲಿ ತೀರಿಕೊಂಡರು.

ಸರ್ ಪದವಿ ಪಡೆದವರ ಹೆಸರು ಪುಸ್ತಕದಲ್ಲಿದೆ. ಅಜ್ಜಿಯ ಅತ್ತೆಯ ಮೈ ತೊಳೆದ ನರ್ಸಬಾಯಿಯ ಹೆಸರು ಎಲ್ಲಿಯೂ ಇಲ್ಲ. ಆ ಕಾಲದಲ್ಲಿ ಮೇಲಿನ ಮನೆತನಗಳು ಹೆಣ್ಣುಮಕ್ಕಳನ್ನು ಶುಶ್ರೂಷೆಯ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ರಕ್ತ, ಮಲ, ಪರಪುರುಷನ ಮೈ — ಇವೆಲ್ಲ ಮೈಲಿಗೆ. ಆ ಕೆಲಸಕ್ಕೆ ಹೆಚ್ಚಾಗಿ ಬಂದವರು ಬಡ ಕ್ರೈಸ್ತ ಹುಡುಗಿಯರು. ಅವರಲ್ಲಿ ಎಷ್ಟೋ ಜನ ಅದೇ ಕೇರಿಗಳಿಂದ, ಅದೇ ದೂರ ನಿಂತು ನೀರು ಹಿಡಿದ ಮನೆಗಳಿಂದ ಬಂದವರು. ಕಾಲು ತೊಳೆದ ಗುರುವಿನ ಕಥೆಯನ್ನು ಓದಿದವರು ಬಹಳ. ತೊಳೆಯುವ ನೀರಿನ ಬಕೀಟು ಎತ್ತಿದವರು ಇವರು. ಮೀರಜದ ಹಳೆಯ ಆವರಣದ ಮರಗಳ ಕೆಳಗೆ ಸ್ವಲ್ಪ ಹೊತ್ತು ಕುಳಿತು, ಸೀರೆಯ ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದ ಒಂದು ಕನ್ನಡ ಕುಟುಂಬದೊಂದಿಗೆ ಮಾತಾಡಿ, ಸಂಜೆಯ ಬಸ್ಸಿಗೆ ತಿರುಗಿದೆವು.

ಈ ದೊಡ್ಡ ಸಂಸ್ಥೆಗಳ ಕಾಲ ಬಹುಮಟ್ಟಿಗೆ ಮುಗಿದಿದೆ ಎಂದು ನಮಗೆನಿಸುತ್ತದೆ. ವಿದೇಶದ ಹಣದಿಂದ ನಿಂತ ಆಸ್ಪತ್ರೆ, ಬೋರ್ಡಿಂಗುಗಳು ಒಂದು ತಲೆಮಾರಿಗೆ ಸೇವೆಯ ದಾರಿ ತೋರಿಸಿದವು. ಜೊತೆಗೆ ಸಂಸ್ಥೆಯೇ ಸೇವೆ ಮಾಡುತ್ತದೆ, ನಾವು ಭಾನುವಾರ ಬಂದರೆ ಸಾಕು ಎಂಬ ಸೋಮಾರಿತನವನ್ನೂ ಕಲಿಸಿದವು. ಜತ್ತದ ಸಣ್ಣ ಸಭೆಗಳಿಗೆ ಆ ಸುಖವಿಲ್ಲ. ಅಲ್ಲಿ ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ಸಂಬಳದ ಪಾಲಕರು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಇರುವುದೆಲ್ಲ ಜನರ ಕೈಕಾಲುಗಳೇ.

ಆ ಕೈಕಾಲುಗಳೂ ಅರ್ಧ ವರ್ಷ ಊರಿನಲ್ಲಿರುವುದಿಲ್ಲ. ದೀಪಾವಳಿಯ ಸುತ್ತುಮುತ್ತ ಕಬ್ಬಿನ ಹಂಗಾಮು ಮೊದಲಾಗುತ್ತದೆ. ಮುಕಾದಮನು ಕೊಟ್ಟ ಉಚಲ, ಎಂದರೆ ಮುಂಗಡ, ತೀರಿಸಲು ಗಂಡಹೆಂಡಿರಿಬ್ಬರೂ ಸೇರಿ 'ಒಂದು ಕೊಯ್ತಾ' ಎಂದು ಎಣಿಸಲ್ಪಟ್ಟು, ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಕಡೆಯ ಕಾರಖಾನೆಗಳ ಹೊಲಗಳಿಗೆ ಹೋಗುತ್ತಾರೆ. ತಿರುಗಿ ಬರುವುದು ಬೇಸಿಗೆಗೆ. ಜತ್ತದ ಕ್ರೈಸ್ತರೂ ಲಿಂಗಾಯತರೂ ಧನಗರರೂ ಬಂಜಾರರೂ ಈ ವಿಷಯದಲ್ಲಿ ಒಂದೇ ಟ್ರ್ಯಾಕ್ಟರಿನವರು. ಆದ್ದರಿಂದ ಕ್ರಿಸ್ಮಸ್ಸಿನ ದಿನ ಆ ಪ್ರಾರ್ಥನಾಲಯದಲ್ಲಿ ಇರುವವರು ಮುದುಕರು, ಮಕ್ಕಳು, ಹಸಿ ಬಾಣಂತಿಯರು. ಮುಖ್ಯ ಹಬ್ಬದ ದಿನವೇ ಸಭೆ ಖಾಲಿ. ಪಟ್ಟಣದ ಸಭೆಗಳು ನಕ್ಷತ್ರದೀಪ ಕಟ್ಟಿ ಕೇಕು ಹಂಚುವಾಗ ಇಲ್ಲಿಯ ಶಿಷ್ಯರು ಯಾವುದೋ ಹೊಲದ ಬದುವಿನ ಮೇಲೆ ಕಬ್ಬಿನ ಸೋಗೆಯ ಗುಡಿಸಲಿನಲ್ಲಿ ಮಲಗಿರುತ್ತಾರೆ.

ಸಭೆ ಇದನ್ನು ಹೇಗೆ ನಿಭಾಯಿಸುತ್ತದೆ? ಉಪದೇಶಿಯವರಿಗೆ ಮೊಬೈಲು ಇದೆ. ಭಾನುವಾರ ರಾತ್ರಿ ಎಂಟಕ್ಕೆ, ಹೊಲದಲ್ಲಿರುವವರು ರೊಟ್ಟಿ ಉಂಡ ಮೇಲೆ, ಹತ್ತು ನಿಮಿಷ ಓದಿ ಪ್ರಾರ್ಥಿಸುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವವರಿಗೆ ಅದಕ್ಕಿಂತ ಹೆಚ್ಚು ಆಗದು. ಗುಡಿಸಲುಗಳಲ್ಲಿ ಅಕ್ಕಪಕ್ಕದ ಬೇರೆ ಮತದವರೂ ಬಂದು ಕುಳಿತು ಕೇಳುತ್ತಾರಂತೆ, ಅವರ ಅಭಂಗ ಮುಗಿದಾಗ ಇವರೂ ಹೋಗುತ್ತಾರಂತೆ. ಆದರೆ ನಿಜವಾದ ಭಾರ ಹಿಂದೆ ಉಳಿದವರ ಮೇಲೆ. ಹೋದವರ ಮಕ್ಕಳನ್ನು ಯಾರು ನೋಡಬೇಕು? ಜೊತೆಗೆ ಒಯ್ದರೆ ಶಾಲೆ ತಪ್ಪಿತು. ಕನ್ನಡ ಶಾಲೆಯ ಮಗು ಕೊಲ್ಹಾಪುರದ ಹೊಲದಲ್ಲಿ ಯಾವ ಶಾಲೆಗೆ ಹೋಗಬೇಕು? ಹತ್ತಿರ ಹತ್ತಿರ ಆರು ವರ್ಷದಿಂದ ಆ ಸಭೆಯ ಮುದುಕಿಯರು ತಮ್ಮೊಳಗೆ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ದಿನಾಲು ಹಿಟ್ಟು ಬೀಸುವ ಮೊದಲು ಪ್ರತಿ ಮನೆಯಲ್ಲಿ ಒಂದು ಹಿಡಿ ಜೋಳ ಬೇರೆ ಗಡಿಗೆಗೆ ಹಾಕುತ್ತಾರೆ. ಹಿಡಿ ಕಾಣಿಕೆಯ ಈ ರೂಢಿ ಅನೇಕ ಸಭೆಗಳಲ್ಲಿದೆ. ಬಹಳ ಕಡೆ ಅದು ಪಾಲಕರ ಸಂಬಳಕ್ಕೆ ಹೋಗುತ್ತದೆ. ಇಲ್ಲಿ ಅದನ್ನು ಉಳಿದ ಮಕ್ಕಳ ರೊಟ್ಟಿಗೆ ಎತ್ತಿಟ್ಟಿದ್ದಾರೆ. ಕಳೆದ ಹಂಗಾಮಿನಲ್ಲಿ ಒಂಬತ್ತು ಮಕ್ಕಳು ಮೂರು ಅಜ್ಜಿಯರ ಮನೆಗಳಲ್ಲಿ ಮಲಗಿ, ಊರ ಶಾಲೆಗೆ ಹೋದರು. ಒಂಬತ್ತರಲ್ಲಿ ನಾಲ್ಕು ಮಕ್ಕಳು ಸಭೆಯವರಲ್ಲ. ಹಿಡಿಯ ಲೆಕ್ಕದಲ್ಲಿ ಅವರನ್ನು ಬೇರೆ ಮಾಡಿಲ್ಲ.

ಇದಕ್ಕೆ ಶಿಷ್ಯತ್ವವೆಂಬ ಹೆಸರನ್ನು ಅವರಾರೂ ಕೊಡುವುದಿಲ್ಲ. ನಾವು ಆ ಮಾತು ಎತ್ತಿದಾಗ ಅಜ್ಜಿಗೆ ನಗು ಬಂದಿತು. ಹುಡುಗರು ಹಸಿದಾರು ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದರು. ನಾವು ಹೊರಡುವ ದಿನ ಅಂಗಳದಲ್ಲಿ ಎರಡು ಟ್ರ್ಯಾಕ್ಟರು ನಿಂತಿದ್ದವು. ಹಾಸಿಗೆಯ ಸುರುಳಿ, ಪಾತ್ರೆಯ ಗೋಣಿ, ಕೋಳಿಯ ಬುಟ್ಟಿ, ಒಂದು ಆಡು ಎಲ್ಲವೂ ಮೇಲೇರಿದ್ದವು. ಹೋಗುವವರು ಒಬ್ಬೊಬ್ಬರೇ ಬಂದು ಆ ಗಡಿಗೆಗೆ ತಮ್ಮ ಮನೆಯ ಉಳಿದ ಜೋಳವನ್ನು ಸುರಿದು ಹೋಗುತ್ತಿದ್ದರು. ನೀರಿನ ವರ್ಷ ಸಿಟ್ಟು ಮಾಡಿಕೊಂಡು ಇನ್ನೂ ಆರಾಧನೆಗೆ ಬಾರದ ಆ ಮನೆಯ ಹೆಣ್ಣುಮಗಳೂ ಕಂಕುಳಲ್ಲಿ ಸಣ್ಣ ಗಂಟು ಹಿಡಿದು ಬಂದಳು. ಅವಳ ಹಿರಿಯ ಮಗ ಈ ಸಲ ಏಳನೆಯ ಇಯತ್ತೆ. ಗಂಟು ಬಿಚ್ಚಿ ಗಡಿಗೆಗೆ ಸುರಿದು, ಮಗನ ಚೀಲವನ್ನು ಅಜ್ಜಿಯ ಬಾಗಿಲ ಒಳಗೆ ಇಟ್ಟು, ಯಾರ ಮುಖವನ್ನೂ ನೋಡದೆ ಟ್ರ್ಯಾಕ್ಟರು ಹತ್ತಿದಳು.